ಕೊಟ್ಟವರ ಸಹಿ

೧೨ ಫೆಬ್ರವರಿ, ಬುಧವಾರ

ಈ ನೋಟುಬುಕ್ಕಿನ ಮುಂದಿನ ಹಾಳೆಗಳು ನನ್ನವಲ್ಲ. ಸೊಸೆ ಅಹಲ್ಯಾ ಅಲ್ಲಿ ಗೆರೆ ಎಳೆದು ನಾಲ್ಕು ಮನೆ ಮಾಡಿದ್ದಾಳೆ. ತಾರೀಖು, ಮೊಮ್ಮಗಳು ಗಾನವಿ ತಿಂದದ್ದು, ಕೊಟ್ಟ ಔಷಧಿ, ಕೊಟ್ಟವರ ಸಹಿ. ರಕ್ತ ಹಾಕುವ ಸೆಂಟರಿನ ಡಾಕ್ಟರು ದಿನಾ ಹೀಗೆ ಬರೆದಿಡಿ ಎಂದಿದ್ದಾರಂತೆ. ಮುಂಜಾನೆ ಆರೂವರೆಗೆ ಹುಡುಗಿಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ಕರಗಿಸಿ ಕುಡಿಸಿ, ಇಂಗ್ಲೀಷಿನಲ್ಲಿ ಇರುವೆ ಹರಿದಂತೆ ಸಹಿ ಹಾಕಿ, ಅವಳು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಗೆ ಹೋಗುತ್ತಾಳೆ. ಊರಿಗೆಲ್ಲ ಗುಳಿಗೆ ಮಾಡುವವಳು, ಮನೆಯ ಕೂಸನ್ನು ನೋಡಲು ನಮ್ಮೂರು ಇಂಡಿಯಿಂದ ನಾನು ಬರಬೇಕಾಯಿತು. ದೀಪಾವಳಿ ಮುಗಿಸಿ ಬಂದವಳು ಇನ್ನೂ ಇಲ್ಲೇ ಲಿಂಗಂಪಲ್ಲಿಯಲ್ಲಿ ಇದ್ದೇನೆ.

ಹಿಂದಿನ ಹಾಳೆಗಳು ಖಾಲಿ ಬಿದ್ದಿದ್ದವು. ಖಾಲಿ ಹಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಆದರೆ ಅಕ್ಷರ ದುಂಡಗೆ ಬರೆಯುತ್ತೇನೆ. ಇಲ್ಲಿ ಮಾತಾಡಲು ಯಾರಿದ್ದಾರೆ? ಎದುರು ಮನೆಯವಳು ತೆಲುಗು, ಹಾಲಿನವನು ಹಿಂದಿ. ಮಗ ವಿನಾಯಕ ರಕ್ಷಣಾ ಇಲಾಖೆಯ ಕಾರ್ಖಾನೆಯಿಂದ ಬಂದರೆ ಚಹಾ ಕುಡಿದು ಗೋಡೆ ನೋಡುತ್ತಾನೆ. ಅದಕ್ಕೇ ಬರೆಯುತ್ತೇನೆ.

ಗಾನವಿಗೆ ಹನ್ನೊಂದು ವರ್ಷ. ಅವಳ ಮೈಯಲ್ಲಿ ಹುಟ್ಟುವ ರಕ್ತ ಉಳಿಯುವುದಿಲ್ಲ. ಥಲಸೇಮಿಯಾ ಅನ್ನುತ್ತಾರೆ. ಹುಟ್ಟಿ ಎಂಟು ತಿಂಗಳಾದಾಗಿನಿಂದ ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಮಂದಿಯ ರಕ್ತದ ಜೊತೆ ಕಬ್ಬಿಣವೂ ಬಂದು ಗುಂಡಿಗೆಯಲ್ಲಿ, ಲಿವರಿನಲ್ಲಿ ಕೂಡುತ್ತದಂತೆ. ಅದನ್ನು ತೆಗೆಯಲು ಮುಂಜಾನೆಯ ಆ ಗುಳಿಗೆ. ಸೊಪ್ಪು ಕೊಡಬೇಡಿ, ಬೆಲ್ಲ ಕೊಡಬೇಡಿ, ಖಾರೀಕು, ಒಣ ಖರ್ಜೂರ ಕೊಡಬೇಡಿ, ಊಟದ ಜೊತೆ ಚಹಾ ಕೊಡಿ, ಅದು ಊಟದ ಕಬ್ಬಿಣ ಮೈಗೆ ಹತ್ತಲು ಬಿಡದಂತೆ. ಬೆಲ್ಲ ಬೇಡ ಎಂದು ಕೂಸಿಗೆ ಚಹಾ ಕುಡಿಸುವ ಡಾಕ್ಟರನ್ನು ನನ್ನ ಅರವತ್ತೆಂಟು ವರ್ಷದಲ್ಲಿ ನೋಡಿರಲಿಲ್ಲ.

ಮುಂದಿನ ಹಾಳೆಯಲ್ಲಿ ಇವತ್ತು ಬರೆದದ್ದು: ಇಡ್ಲಿ ಎರಡು, ಅನ್ನ ಸಾರು, ಚಹಾ. ಇಲ್ಲಿ ಬರೆಯುವುದು: ಚಹಾ ಮೋರಿಗೆ ಚೆಲ್ಲಿದೆ.

೧೫ ಫೆಬ್ರವರಿ, ಶನಿವಾರ

ಸೆಂಟರಿಗೆ ಹೋಗಿದ್ದೆವು. ಸಾಲಾಗಿ ಹಾಸಿಗೆ, ಹಾಸಿಗೆಗೊಂದು ಕೂಸು, ಕೂಸಿಗೊಂದು ಚೀಲ. ಕೆಲವರು ಮೊಬೈಲು ನೋಡುತ್ತ, ಕೆಲವರು ಹೋಂವರ್ಕು ಬರೆಯುತ್ತ ರಕ್ತ ಏರಿಸಿಕೊಳ್ಳುತ್ತಿದ್ದರು. ನೋಡಲಾಗಲಿಲ್ಲ. ಕೂತಲ್ಲಿ ಕೂರಲಾಗದೆ ನಾಲ್ಕು ಸಲ ಹೊರಗೆ ಹೋಗಿ ಬಂದೆ.

ಇದು ಯಾರ ರಕ್ತ ಎಂದು ನರ್ಸಮ್ಮನಿಗೆ ಕೇಳಿದೆ. ಹೆಸರು ಇರುವುದಿಲ್ಲವಂತೆ, ನಂಬರ ಅಷ್ಟೇ. ಯಾವ ಮನೆತನ, ಏನು ಉಣ್ಣುವವರು, ಏನೂ ಗೊತ್ತಿಲ್ಲದೆ ಒಳಗೆ ಬಿಟ್ಟುಕೊಳ್ಳುವುದು ಹೇಗೆ ಎಂದೆ. ಅಹಲ್ಯಾ ನನ್ನ ಸೆರಗು ಜಗ್ಗಿದಳು. ನಾನು ಸೆರಗು ಬಿಡಿಸಿಕೊಂಡೆ.

ಡಾಕ್ಟರ ಸೂರ್ಯಕಾಂತ ಕನ್ನಡದವರು. ಅಪ್ಪ ಜಮಖಂಡಿಯವರಂತೆ, ಇವರು ಹುಟ್ಟಿದ್ದು ಇಲ್ಲೇ. ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಹೇಳಿದರು. ಮೊದಲೆಲ್ಲ ಎ, ಬಿ, ಓ ನೋಡಿ ಹಾಕಿಬಿಡುತ್ತಿದ್ದರು. ಹತ್ತು ವರ್ಷ ಹಾಗೆ ಹಾಕಿಸಿಕೊಂಡ ಗಾನವಿಯ ಮೈ ಈಗ ಕೆಲವು ರಕ್ತವನ್ನು ವೈರಿಯಂತೆ ನೋಡುತ್ತದೆ. ಅದಕ್ಕೆ ಇನ್ನೂ ಹತ್ತೆಂಟು ಗುರುತು ಹೊಂದಿಸಿ ಚೀಲ ಹುಡುಕುತ್ತಾರೆ. ಬಿಳಿ ಕಣ ಸೋಸುವ ಜಾಳಿಗೆ ಬೇರೆ. ರಕ್ತದಲ್ಲಿ ರೋಗದ ಬೀಜ ಇದ್ದರೆ ಮೊದಲೇ ಹಿಡಿಯುವ ಮಶೀನು ಬೇರೆ. ಹೆಣ್ಣು ಗಂಡು ಜಾತಕ ಕೂಡಿಸುವುದಕ್ಕಿಂತ ಹೆಚ್ಚು ಕೂಡಿಸುತ್ತಾರೆ ಅನ್ನಿ.

ಮತ್ತೊಂದು ಸಂಗತಿ. ಹೊಸದೊಂದು ಸೂಜಿ ಬಂದಿದೆ. ಅದು ಮೈಯಲ್ಲೇ ರಕ್ತ ಬಲಿಯುವಂತೆ ಮಾಡುತ್ತದಂತೆ. ಚೀಲ ಪೂರ್ತಿ ತಪ್ಪದು, ಮೂರು ವಾರಕ್ಕೆ ಬೇಕಾದದ್ದು ಆರು ವಾರಕ್ಕೆ ಸಾಕಾದೀತು. ದೊಡ್ಡವರಿಗೆ ಕೊಡುತ್ತಿದ್ದಾರೆ. ಮಕ್ಕಳಿಗೆ ಕೊಟ್ಟು ನೋಡುವ ಸಂಶೋಧನೆಗೆ ಈ ಸೆಂಟರಿನಿಂದ ನಾಲ್ಕು ಮಕ್ಕಳ ಹೆಸರು ಹೋಗಬೇಕು. ಗಾನವಿಯ ಹೆಸರು ಬರೆದಿದ್ದಾರೆ. ಆದರೆ ಮೈಯಲ್ಲಿ ಕೂಡಿದ ಕಬ್ಬಿಣದ ಅಳತೆ ಎರಡು ಸಾವಿರದೊಳಗೆ ಇರಬೇಕು. ದೀಪಾವಳಿಯ ಹೊತ್ತಿಗೆ ಸಾವಿರದ ಎಂಟು ನೂರು ಇತ್ತು, ಈಗ ಎರಡು ಸಾವಿರದ ಮುನ್ನೂರು. ಮೇ ಕೊನೆಗೆ ಪಟ್ಟಿ ಹೋಗುತ್ತದೆ, ಅಷ್ಟರಲ್ಲಿ ಇಳಿಯಬೇಕು.

ಮನೆಯವರೆಲ್ಲ ಒಂದೊಂದು ಹನಿ ರಕ್ತ ಕೊಡಿ, ಈ ರೋಗ ಯಾವ ಕಡೆಯಿಂದ ಬಂತು ನೋಡೋಣ ಎಂದರು. ನನ್ನ ರಕ್ತಕ್ಕೆ ಏನಾಗಿದೆ ಎಂದು ಕೈ ಸೆರಗಿನೊಳಗೆ ಇಟ್ಟುಕೊಂಡೆ. ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲದ್ದೇನು? ಅಹಲ್ಯಾ ನನ್ನ ತಮ್ಮ ಯಶವಂತನ ಮಗಳು. ನಾನೇ ಹಟ ಹಿಡಿದು ತವರಿನ ಹೆಣ್ಣು ತಂದುಕೊಂಡೆ. ನಮ್ಮ ಮನೆತನ ಉಕ್ಕಿನಂಥದ್ದು. ಇದು ಅವಳ ತಾಯಿ ವನಜಾಳ ಕಡೆಯದು. ಆ ಮಂದಿ ಮೊದಲಿನಿಂದ ಸುಣ್ಣದ ಗೋಡೆಯಂತೆ ಬೆಳ್ಳಗೆ. ಹನ್ನೊಂದು ವರ್ಷದಿಂದ ಇದನ್ನೇ ಹೇಳುತ್ತ ಬಂದಿದ್ದೇನೆ.

೨೦ ಫೆಬ್ರವರಿ, ಗುರುವಾರ

ಅಳವಿ ಉಂಡಿ ಕಟ್ಟಿದೆ. ಅಳವಿ ಬೀಜ ಹುರಿದು, ಖಾರೀಕು ಕುಟ್ಟಿ, ಬೆಲ್ಲದ ಪಾಕದಲ್ಲಿ ಕಲಸಿ. ನಮ್ಮ ಕಡೆ ಬಾಣಂತಿಗೆ ಇದನ್ನೇ ಕೊಡುವುದು. ರಕ್ತ ಹೋದವಳು ನಲವತ್ತು ದಿನದಲ್ಲಿ ಎದ್ದು ನಿಲ್ಲುತ್ತಾಳೆ.

ಇದಿಷ್ಟೇ ಅಲ್ಲ. ಊರಿನಿಂದ ಬರುವಾಗ ಸರಕಾರಿ ದವಾಖಾನೆಯ ಆಶಾ ಹುಡುಗಿಯ ಕಡೆಯಿಂದ ರಕ್ತದ ಗುಳಿಗೆಯ ಪಟ್ಟಿಗಳನ್ನು ಸೀರೆಯ ನಡುವೆ ಇಟ್ಟು ತಂದಿದ್ದೆ. ಬಸುರಿಯರಿಗೆ ಕೊಡುವ ಕೆಂಪು ಗುಳಿಗೆ. ವಿನಾಯಕ ಹೊಟ್ಟೆಯಲ್ಲಿದ್ದಾಗಿನಿಂದ ನಾನು ಅದನ್ನು ನುಂಗುತ್ತಿದ್ದೇನೆ. ಯಾವ ಡಾಕ್ಟರ ಕಣ್ಣಿನ ರೆಪ್ಪೆ ಎಳೆದು ನೋಡಿದರೂ ರಕ್ತ ಕಮ್ಮಿ ಐತಿ ಎಂದು ಅದನ್ನೇ ಬರೆದುಕೊಟ್ಟಿದ್ದಾರೆ. ಹೊಲದಲ್ಲಿ ದುಡಿದೆ, ನಾಲ್ಕು ಹೆತ್ತೆ, ಇನ್ನೂ ಮೆಟ್ಟಿಲು ಹತ್ತುತ್ತೇನೆ. ಆ ಗುಳಿಗೆಯನ್ನು ಒರಳಲ್ಲಿ ನುಣ್ಣಗೆ ಕುಟ್ಟಿ ಪಾಕಕ್ಕೆ ಹಾಕುತ್ತೇನೆ. ಉಂಡಿಗೊಂದು ಗುಳಿಗೆಯ ಲೆಕ್ಕ. ದೀಪಾವಳಿ ಆದಾಗಿನಿಂದ ಶಾಲೆಯಿಂದ ಬಂದ ಕೂಡಲೇ ದಿನಕ್ಕೊಂದು.

ಅವಳದೇ ರಕ್ತ ಹೆಚ್ಚಿದರೆ ಮಂದಿಯ ರಕ್ತ ಯಾಕೆ ಬೇಕು? ಮಂದಿಯದು ಬರದಿದ್ದರೆ ಕಬ್ಬಿಣ ಎಲ್ಲಿಂದ ಬರುತ್ತದೆ? ಇಷ್ಟು ಸರಳ. ಇವರು ಮಶೀನು ಇಟ್ಟುಕೊಂಡು ಒದ್ದಾಡುತ್ತಿದ್ದಾರೆ.

ಗಾನವಿಗೆ ಉಂಡಿ ಎಂದರೆ ಪ್ರಾಣ. ಅಮ್ಮನಿಗೆ ಹೇಳಬೇಡ ಎಂದಿದ್ದೇನೆ. ಗುಳಿಗೆಯ ಮಾತು ಅವಳಿಗೂ ಗೊತ್ತಿಲ್ಲ. ಮುಂದಿನ ಹಾಳೆಯಲ್ಲಿ: ಬಿಸ್ಕೀಟು ಎರಡು, ಚಹಾ.

೮ ಮಾರ್ಚ್, ಶನಿವಾರ

ಎರಡು ಸಾವಿರದ ಆರು ನೂರು. ಡಾಕ್ಟರು ಅಹಲ್ಯಾಳನ್ನು ಬದಿಗೆ ಕರೆದು ಕೇಳಿದರು. ದಿನಾ ಗುಳಿಗೆ ತಪ್ಪದೆ ಕೊಡುತ್ತೀರಾ, ಹುಡುಗಿ ಉಗುಳುವುದಿಲ್ಲವಾ, ಕೆಲಸದ ಗಡಿಬಿಡಿಯಲ್ಲಿ ಮರೆಯುವುದಿಲ್ಲವಾ. ಅವಳು ನೋಟುಬುಕ್ಕಿನ ಸಹಿಗಳನ್ನು ತೋರಿಸಿದಳು. ಸಹಿ ಯಾರಾದರೂ ಹಾಕಬಹುದು ಎಂಬಂತೆ ಅವರು ಅದನ್ನು ಮುಚ್ಚಿ ಕೊಟ್ಟರು.

ಮನೆಗೆ ಬಂದ ಮೇಲೆ ವಿನಾಯಕನೂ ಅದನ್ನೇ ಕೇಳಿದ. ಆರೂವರೆಗೆ ಕೊಡುತ್ತೀಯೋ ಏಳಕ್ಕೆ ಕೊಡುತ್ತೀಯೋ, ನೀರು ಎಷ್ಟು ಹಾಕುತ್ತೀ. ನಾನು ಅಡುಗೆ ಮನೆಯಿಂದಲೇ ಹೇಳಿದೆ, ಮನೆಯಲ್ಲಿ ಇದ್ದರೆ ತಾನೆ ಹೊತ್ತು ಗೊತ್ತಾಗುವುದು. ಅಹಲ್ಯಾ ಮಗಳ ಹೋಂವರ್ಕು ತೆಗೆದುಕೊಂಡು ಕೂತಳು. ತಿರುಗಿ ಅಂದಿದ್ದರೆ ನನಗೂ ಇನ್ನೆರಡು ಮಾತು ಇದ್ದವು.

೩೦ ಮಾರ್ಚ್, ಭಾನುವಾರ, ಯುಗಾದಿ

ಯಶವಂತ, ವನಜಾ ಬಂದಿದ್ದಾರೆ. ನಿನ್ನೆ ಗಾನವಿಗೆ ರಕ್ತ ಏರಿಸುವಾಗ ಇಬ್ಬರೂ ಸೆಂಟರಿಗೆ ಬಂದು ಕೈ ಚಾಚಿ ಪರೀಕ್ಷೆಗೆ ರಕ್ತ ಕೊಟ್ಟರು. ನನಗೆ ಮೊಳಕಾಲು ನೋವೆಂದು ನಾನು ಮನೆಯಲ್ಲೇ ಉಳಿದೆ.

ವನಜಾಳಿಗೆ ಹೇಳಿದೆ, ಈಗ ನಿಮ್ಮ ತವರಿನ ಬಂಡವಾಳ ಹೊರಗೆ ಬರುತ್ತದೆ ಎಂದು. ಅವಳು ಹೋಳಿಗೆ ತಟ್ಟುತ್ತಿದ್ದಳು. ತಲೆ ಎತ್ತದೆ, “ಬರಲಿ ಬಿಡ್ರಿ ಅಕ್ಕಾರ. ಯಾರ ಕಡೀದಾದ್ರೇನು, ಚೀಲ ಏರೋದು ಗಾನುಗ” ಎಂದಳು. ಹೋಳಿಗೆ ಮಾತ್ರ ಚೆನ್ನಾಗಿ ಮಾಡುತ್ತಾಳೆ.

ಬೇವು ಬೆಲ್ಲ ಕೊಡುವಾಗ ಅಹಲ್ಯಾ ಮಗಳ ಕೈಗೆ ಬೇವಿನ ಎಸಳಷ್ಟೇ ಇಟ್ಟಳು, ಬೆಲ್ಲದ ಚೂರು ತೆಗೆದು. ಹುಡುಗಿ ಸಪ್ಪಳವಿಲ್ಲದೆ ಕಹಿ ಅಗಿದಳು. ವರ್ಷದ ಮೊದಲ ದಿನ ಬರಿ ಬೇವು ತಿನ್ನಿಸುವ ತಾಯಿ. ಮಧ್ಯಾಹ್ನ ಎರಡು ಉಂಡಿ ಕೊಟ್ಟೆ.

೫ ಏಪ್ರಿಲ್, ಶನಿವಾರ

ವಿನಾಯಕ ರಿಪೋರ್ಟು ತಂದ. ವನಜಾಳ ರಕ್ತದಲ್ಲಿ ಏನೂ ಇಲ್ಲ. ಯಶವಂತನದರಲ್ಲಿ ಇದೆ.

೬ ಏಪ್ರಿಲ್, ಭಾನುವಾರ

ಮಶೀನು ತಪ್ಪು ತೋರಿಸಿರಬಹುದು. ಎರಡು ಸೀಸೆ ಅದಲು ಬದಲಾಗಿರಬಹುದು. ಅಷ್ಟೊಂದು ಸೀಸೆಗಳಲ್ಲಿ ಯಾರದು ಯಾವುದೋ. ನಂಬರ ಹಚ್ಚುವವನು ಚಹಾಕ್ಕೆ ಹೋಗಿದ್ದನೋ ಏನೋ.

ಡಾಕ್ಟರು ಚೀಟಿಯಲ್ಲಿ ಚಿತ್ರ ತೆಗೆದು ಕೊಟ್ಟಿದ್ದಾರೆ. ಅರ್ಧ ಕಪ್ಪು ಮಾಡಿದ ದುಂಡುಗಳು. ಯಶವಂತ ಅರ್ಧ ಕಪ್ಪು, ಅವನಿಂದ ಅಹಲ್ಯಾ ಅರ್ಧ ಕಪ್ಪು. ಆಚೆ ವಿನಾಯಕನೂ ಅರ್ಧ ಕಪ್ಪು. ಇಬ್ಬರ ಅರ್ಧ ಕೂಡಿ ಗಾನವಿ ಪೂರ್ತಿ ಕಪ್ಪು. ಅರ್ಧ ಇದ್ದವರಿಗೆ ರೋಗವಿಲ್ಲವಂತೆ, ಸ್ವಲ್ಪ ರಕ್ತ ಕಮ್ಮಿ ಇರುತ್ತದೆ ಅಷ್ಟೇ, ಜೀವನ ಪೂರ್ತಿ ಗೊತ್ತೂ ಆಗುವುದಿಲ್ಲವಂತೆ. ವಿನಾಯಕನ ಮೇಲೆ ಎರಡು ದುಂಡು ಬರೆದು ಖಾಲಿ ಬಿಟ್ಟಿದ್ದಾರೆ. ಒಂದು ತೀರಿಕೊಂಡ ನಮ್ಮ ಯಜಮಾನರದು. ಒಂದು ನನ್ನದು.

ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಹಾಲು ತೆಗೆಯಲು ಹೋದಾಗಲೆಲ್ಲ ಖಾಲಿ ದುಂಡು ನನ್ನ ಮುಖ ನೋಡುತ್ತದೆ. ಇವತ್ತು ಹಾಲಿಲ್ಲದ ಚಹಾ ಕುಡಿದೆ.

೧೨ ಏಪ್ರಿಲ್, ಶನಿವಾರ

ಅಹಲ್ಯಾ ಮೂರು ತಿಂಗಳು ಸಂಬಳವಿಲ್ಲದ ರಜೆ ಬರೆದು ಕೊಟ್ಟು ಬಂದಿದ್ದಾಳೆ. ನಾನು ಇಷ್ಟು ವರ್ಷ ಬಯಸಿದ್ದು ಇದನ್ನೇ, ಅವಳು ಮನೆಯಲ್ಲಿ ಇರಬೇಕೆಂದು. ಈಗ ಇದ್ದಾಳೆ. ಮುಂಜಾನೆ ಗಡಿಯಾರದ ಕೆಳಗೆ ನಿಂತು ಗುಳಿಗೆ ಕರಗಿಸುತ್ತಾಳೆ, ಮಗಳ ಗಂಟಲು ನೋಡುತ್ತಾಳೆ, ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡುತ್ತಾಳೆ. ಖಾಲಿಯಾದ ಪಟ್ಟಿಗಳನ್ನು ಮೊದಲಿನಂತೆಯೇ ಎಸೆಯದೆ ಚೀಲಕ್ಕೆ ಹಾಕಿ ಇಡುತ್ತಾಳೆ. ಮನೆಯಲ್ಲಿ ಎಲ್ಲಿ ಕೂತರೂ ಅವಳ ಕಣ್ಣಿಗೆ ಬೀಳುತ್ತೇನೆ.

ಉಂಡಿಯನ್ನು ಅವಳು ಸ್ನಾನಕ್ಕೆ ಹೋದಾಗ ಕೊಡುತ್ತೇನೆ. ಇಷ್ಟು ದಿನ ಕೊಟ್ಟು ಈಗ ನಿಲ್ಲಿಸಿದರೆ ಕೊಟ್ಟದ್ದೆಲ್ಲ ವ್ಯರ್ಥ.

೧೯ ಏಪ್ರಿಲ್, ಶನಿವಾರ

ಎರಡು ಸಾವಿರದ ಒಂಬೈನೂರು.

ಅಹಲ್ಯಾ ಖಾಲಿ ಪಟ್ಟಿಗಳ ಚೀಲವನ್ನು ಡಾಕ್ಟರ ಮೇಜಿನ ಮೇಲೆ ಸುರಿದಳು. ಆರು ತಿಂಗಳ ಪಟ್ಟಿ. ಕೆಲವು ನೆಲಕ್ಕೆ ಬಿದ್ದವು. ಡಾಕ್ಟರು ಒಂದೊಂದನ್ನೇ ಆರಿಸಿ ಚೀಲಕ್ಕೆ ತುಂಬಿದರು. ಕಠೋರ ಮನುಷ್ಯರಲ್ಲ. ಆದರೂ ಹೇಳಿದರು, “ಪಟ್ಟಿ ಖಾಲಿ ಆಗಿದ್ದು ಕಾಣತೈತಮ್ಮಾ. ಗುಳಿಗಿ ಎಲ್ಲಿ ಹೋತು ಅನ್ನೋದು ರಕ್ತ ಹೇಳತೈತಿ.”

ಫೈಲಿನಲ್ಲಿ ಬರೆದರು. ಏನು ಬರೆದರೆಂದು ವಿನಾಯಕ ದಾರಿಯಲ್ಲಿ ಹೇಳಿದ. ಮನೆಯವರು ಔಷಧಿ ಸರಿಯಾಗಿ ಕೊಡುತ್ತಿಲ್ಲವೆಂದು ಅನುಮಾನ. ಔಷಧಿ ತಪ್ಪಿಸುವ ಮನೆಯ ಮಕ್ಕಳನ್ನು ಸಂಶೋಧನೆಗೆ ತೆಗೆದುಕೊಳ್ಳುವುದಿಲ್ಲ. ಮುಂದಿನ ತಿಂಗಳು ಗುಂಡಿಗೆಯ ಫೋಟೋ ತೆಗೆದು ಕಬ್ಬಿಣ ಅಲ್ಲಿಗೂ ಇಳಿದಿದೆಯೇ ನೋಡುತ್ತಾರಂತೆ.

ರೇಲ್ವೆ ಸ್ಟೇಷನ್ನಿನಿಂದ ಮನೆಯವರೆಗೆ ಅಹಲ್ಯಾ ನಮಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಚಪ್ಪಲಿಯ ಒಂದು ಕಿವಿ ಹರಿದಿತ್ತು, ಅವಳಿಗೆ ಅದರ ಮೇಲೆ ಗಮನವಿರಲಿಲ್ಲ. ಹರಿದದ್ದು ಎಷ್ಟು ದಿನವಾಯಿತೋ. ನಾನೂ ಇವತ್ತೇ ನೋಡಿದ್ದು.

೨೨ ಏಪ್ರಿಲ್, ಮಂಗಳವಾರ

ಬಿಸಿಲಿಗೆ ಇಲ್ಲಿ ಅರ್ಧ ದಿನದ ಶಾಲೆ. ಗಾನವಿ ಮಧ್ಯಾಹ್ನವೇ ಬಂದಳು. ಅಹಲ್ಯಾ ತರಕಾರಿಗೆ ಹೋಗಿದ್ದಳು. ನನಗೆ ತಲೆ ಸುತ್ತಿದಂತಾಗಿ, ಟ್ರಂಕಿನಿಂದ ನನ್ನ ರಕ್ತದ ಗುಳಿಗೆ ಕೊಡು ಎಂದು ಹುಡುಗಿಗೆ ಹೇಳಿದೆ. ಪಟ್ಟಿ ತಂದವಳು ಕೊಡಲಿಲ್ಲ. ಹಿಂದೆ ಮುಂದೆ ತಿರುವಿ ಓದಿದಳು.

“ಆಯಿ, ಇದು ಐರನ್. ಕಬ್ಬಿಣದ ಗುಳಿಗಿ.”

ಅಲ್ಲ, ರಕ್ತದ್ದು ಎಂದೆ.

“ರಕ್ತಕ್ಕ ಕೊಡೋದು ಕಬ್ಬಿಣಾನ, ಆಯಿ. ನಮ್ಮ ಸೆಂಟರಿನ ಗೋಡಿ ಮ್ಯಾಲೆ ಬರದಾರ, ನಮ್ಮಂಥಾವ್ರು ಇದನ್ನ ಮುಟ್ಟಬಾರದಂತ. ನಮಗಿದು ವಿಷ.”

ನಗುತ್ತಲೇ ಹೇಳಿದಳು, ಶಾಲೆಯ ಪಾಠ ಒಪ್ಪಿಸುವವರಂತೆ. ಆಮೇಲೆ ನನ್ನ ಪಕ್ಕ ಕೂತು, ಉಂಡಿ ಇನ್ನು ಸಾಕು ಎಂದಳು. ಬೆಲ್ಲದ್ದೇ ಕಬ್ಬಿಣ ಏರಿರಬೇಕು, ತಾನು ಕದ್ದು ತಿಂದದ್ದಕ್ಕೆ ಅಮ್ಮ ಬೈಸಿಕೊಳ್ಳುತ್ತಿದ್ದಾಳೆ, ತನ್ನದೇ ತಪ್ಪು ಎಂದಳು. ನಿನ್ನದಲ್ಲ ಎಂದೆ. ಮತ್ತೆ ಯಾರದು ಎಂದಳು. ಅಷ್ಟರಲ್ಲಿ ಬಾಗಿಲ ಬೀಗದ ಸಪ್ಪಳವಾಯಿತು.

ದಿನಕ್ಕೊಂದು. ದೀಪಾವಳಿಯಿಂದ. ಯುಗಾದಿಗೆ ಎರಡು.

೨೩ ಏಪ್ರಿಲ್

ಗುಳಿಗೆ ಹಾಕಿದ ಉಂಡಿ ಹದಿನಾಲ್ಕು ಉಳಿದಿವೆ. ಡಬ್ಬಿ ಟ್ರಂಕಿಗೆ ಹಾಕಿ ಬೀಗ ಹಾಕಿದೆ. ಬೀಗದ ಕೈ ಎಲ್ಲಿಟ್ಟೆ ಎಂದು ಮೂರು ಸಲ ನೋಡಿದೆ.

೨೪ ಏಪ್ರಿಲ್

ಬರೆಯಲು ಏನೂ ಇಲ್ಲ.

೨೮ ಏಪ್ರಿಲ್, ಸೋಮವಾರ

ಕೊಡುವುದು ನಿಲ್ಲಿಸಿದ್ದೇನೆ. ಇನ್ನು ತಾನಾಗಿ ಇಳಿಯುತ್ತದೆ. ಇಳಿದರೆ ಹೇಳುವ ಅಗತ್ಯವೇನು? ಹೇಳಿ ಯಾರ ಹೊಟ್ಟೆ ತುಂಬುತ್ತದೆ? ಹೀಗೆ ಮುಂಜಾನೆ ಅಂದುಕೊಂಡೆ.

ಇವತ್ತು ಅಹಲ್ಯಾ ನೆಲ ಒರೆಸುತ್ತ ಒರೆಸುತ್ತ ನಿಂತು, ಗುಳಿಗೆ ಕರಗಿಸುವ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಸ್ವಲ್ಪ ಉಳಿಯುತ್ತಿರಬಹುದು ಅತ್ತಿ, ನನ್ನದೇ ಎಲ್ಲೋ ತಪ್ಪಿರಬೇಕು ಎಂದಳು. ಹುಷಾರಿ ಹೆಣ್ಣು. ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಗುಳಿಗೆಯಲ್ಲಿ ತಪ್ಪು ಹಿಡಿಯುವುದೇ ಅವಳ ಕೆಲಸ. ತಪ್ಪು ಮಾಡದವಳು ತಪ್ಪು ಹುಡುಕುತ್ತ ಲೋಟ ತಿರುವುತ್ತಿದ್ದರೆ ನಾನು ಮೆಂತ್ಯೆ ಸೋಸುತ್ತ ಕೂತಿದ್ದೆ. ಸೋಸಿದ ಸೊಪ್ಪನ್ನು ಮೋರಿಗೆ ಹಾಕಿ, ಕಡ್ಡಿಯನ್ನು ಪಾತ್ರೆಗೆ ಹಾಕಿದ್ದೆ. ಒಲೆ ಹೊತ್ತಿಸುವಾಗ ಗೊತ್ತಾಯಿತು.

೨ ಮೇ, ಶುಕ್ರವಾರ

ಹಾಲು ತರುತ್ತೇನೆಂದು ಹೇಳಿ ಲಿಂಗಂಪಲ್ಲಿ ಸ್ಟೇಷನ್ನಿಗೆ ಹೋದೆ. ಊರ ಕಡೆಯ ಗಾಡಿ ಇಲ್ಲೇ ನಿಲ್ಲುತ್ತದೆ. ಹತ್ತಿ ಕೂತರೆ ಇಂಡಿ. ಬೆಂಚಿನ ಮೇಲೆ ಕೂತೆ. ಆಫೀಸಿಗೆ ಹೋಗುವ ಹುಡುಗ ಹುಡುಗಿಯರು ಕೊರಳಿಗೆ ಚೀಟಿ ನೇತುಹಾಕಿಕೊಂಡು ಇಳಿದು ಓಡುತ್ತಿದ್ದರು. ಇವರಲ್ಲಿ ಯಾರ ರಕ್ತ ಗಾನವಿಯ ಮೈಯಲ್ಲಿ ಇದೆಯೋ. ಹನ್ನೊಂದು ವರ್ಷ, ವರ್ಷಕ್ಕೆ ಹದಿನೇಳು ಹದಿನೆಂಟು ಚೀಲ. ಒಂದು ಊರಿನಷ್ಟು ಮಂದಿ. ಅಷ್ಟೂ ಮಂದಿ ಸೇರಿ ಹುಡುಗಿಯನ್ನು ಹನ್ನೊಂದು ವರ್ಷದವರೆಗೆ ತಂದರು. ನಾನೊಬ್ಬಳು ಆರು ತಿಂಗಳಲ್ಲಿ ಏನು ಮಾಡಿದೆ.

ಗಾಡಿ ಬಂತು, ಹೋಯಿತು. ಹಾಲು ತಗೊಂಡು ಬಂದೆ. ಇಷ್ಟು ಹೊತ್ತು ಎಲ್ಲಿದ್ರಿ, ಬಿಸಿಲು ಎಷ್ಟೈತಿ ಎಂದು ಅಹಲ್ಯಾ ಮಜ್ಜಿಗೆ ಕೊಟ್ಟಳು.

೧೦ ಮೇ, ಶನಿವಾರ

ಎಲ್ಲ ಸಾಲಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ಬೇರೆ ಥರ ನೆನಪು ಮಾಡಿಕೊಳ್ಳುತ್ತೇನೆ.

ನನಗೆ ಮೊಳಕಾಲು ನೋವಿದ್ದರೂ ಬರುತ್ತೇನೆ ಎಂದೆ. ಡಬ್ಬಿಯನ್ನು ಕೈಚೀಲದಲ್ಲಿ ಇಟ್ಟುಕೊಂಡೆ, ಕೆಂಪು ಗುಳಿಗೆಯ ಪಟ್ಟಿಯನ್ನೂ. ವಿನಾಯಕನಿಗೆ ಕೆಲಸವಿತ್ತು. ಮೂವರೇ ಹೋದೆವು.

ಹೋದರೆ ಚೀಲ ಇಲ್ಲ. ಬೇಸಿಗೆಯಲ್ಲಿ ಕಾಲೇಜು ಮುಚ್ಚುತ್ತವೆ, ರಕ್ತ ಕೊಡುವವರು ಕಡಿಮೆ. ಅದರಲ್ಲೂ ಗಾನವಿಯದು ಹತ್ತೆಂಟು ಗುರುತು ಕೂಡಬೇಕು. ಹೊಂದುವವನೊಬ್ಬನಿಗೆ ಫೋನು ಮಾಡಿದ್ದಾರೆ, ಮಾದಾಪುರದಿಂದ ಬರುತ್ತಿದ್ದಾನೆ, ಅವನದನ್ನು ಪರೀಕ್ಷೆ ಮಾಡಿ ಮುಂದಿನ ಸಲಕ್ಕೆ ಇಡುತ್ತೇವೆ, ಇವತ್ತಿಗೆ ಬೇರೆ ಬ್ಯಾಂಕಿನಿಂದ ಒಂದು ಬರುತ್ತದೆ, ಕಾಯಿರಿ ಎಂದರು. ಗಾನವಿಯ ತುಟಿ ಬಿಳುಚಿತ್ತು. ಬೆಂಚಿನ ಮೇಲೆ ನನ್ನ ತೊಡೆಗೆ ತಲೆ ಇಟ್ಟು ಮಲಗಿದಳು.

ಆ ಮನುಷ್ಯ ಬಂದ. ಮೂವತ್ತು ವರ್ಷವಿರಬಹುದು. ಹೆಲ್ಮೆಟ್ಟು ಕೈಯಲ್ಲಿ, ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಒಳಗೆ ಹೋಗಿ, ಮೊಳಕೈಗೆ ಹತ್ತಿ ಒತ್ತಿಕೊಂಡು ಬಂದು ಬಿಸ್ಕೀಟು ತಿಂದು ಹೊರಟ. ಯಾರಿಗೆ ಕೊಟ್ಟೆನೆಂದು ಕೇಳಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ನಾವು ಕೂತಿದ್ದೆವು. ಹೆಸರು ಕೇಳಬೇಕೆಂದು ಎದ್ದೆ. ನನ್ನ ಬಾಯಿಂದ ಬಂದದ್ದು, ನೀರು ಕುಡಿ ಬೇಟಾ, ಬಿಸಿಲೈತಿ, ಅಷ್ಟೇ.

ಆಮೇಲೆ ಡಾಕ್ಟರ ಕೋಣೆಗೆ ಕರೆದರು. ಎರಡು ಸಾವಿರದ ಎಂಟು ನೂರ ಐವತ್ತು. ಗುಂಡಿಗೆಯ ಫೋಟೋ ಬಂದಿತ್ತು. ಅಲ್ಲಿಗೆ ಇನ್ನೂ ಇಳಿದಿಲ್ಲ, ಆದರೆ ಹೀಗೇ ನಡೆದರೆ ಹೆಚ್ಚು ದಿನ ಬೇಕಿಲ್ಲ ಎಂದರು. ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ ಎಂದು ಪೆನ್ನು ಎತ್ತಿದರು. ಅಹಲ್ಯಾ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಆ ಪೆನ್ನನ್ನೇ ನೋಡುತ್ತಿದ್ದಳು.

ನಾನು ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟು ಮುಚ್ಚಳ ತೆರೆದೆ. ಪಟ್ಟಿಯನ್ನು ಅದರ ಪಕ್ಕ ಇಟ್ಟೆ.

“ಬರಿಯೋದಿದ್ರ ನನ್ನ ಹೆಸರ ಬರೀರಿ,” ಎಂದೆ. “ಶಂಕ್ರಮ್ಮ. ಈಕಿ ಗುಳಿಗಿ ಕಬ್ಬಿಣ ತಗೀತಿತ್ತು, ನಾ ತುಂಬತಿದ್ದೆ. ದಿನಾ ಒಂದು. ಹುಡುಗಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.”

ಡಾಕ್ಟರು ಒಂದು ಉಂಡಿ ಮುರಿದು ನೋಡಿದರು. ಒಳಗೆ ಕೆಂಪು ಕಣ ಕಾಣುತ್ತಿದ್ದವು. ಪಟ್ಟಿ ಓದಿದರು. ನಾನು ಬೈಗುಳಕ್ಕೆ ತಯಾರಾಗಿ ಕೂತಿದ್ದೆ, ತಿರುಗಿ ಬೈಯಲು ಬೇಕಾದ್ದು ಮಾತ್ರ ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಅವರು ಕೇಳಿದ್ದು ಬೇರೆ. ಈ ಗುಳಿಗೆ ನಿಮಗೆ ಯಾರು ಕೊಟ್ಟರು, ಯಾಕೆ, ಎಷ್ಟು ವರ್ಷದಿಂದ ಎಂದು. ಹೇಳಿದೆ. ರಕ್ತ ಕಮ್ಮಿ ಎಂದು, ವಿನಾಯಕ ಹೊಟ್ಟೆಯಲ್ಲಿದ್ದಾಗಿನಿಂದ, ಯಾವ ಗುಳಿಗೆಗೂ ಹೆಚ್ಚಲಿಲ್ಲ ಎಂದು.

“ಹೆಚ್ಚೂದಿಲ್ಲ ಆಯಿ,” ಎಂದರು. “ನಿಮ್ಮದು ಕಮ್ಮಿ ಇರಾಕ ಕಾರಣ ಕಬ್ಬಿಣ ಅಲ್ಲ, ಅನಸತೈತಿ. ಕೈ ಕೊಡ್ರಿ.”

ನಾನು ಸೆರಗಿನೊಳಗಿಂದ ಕೈ ತೆಗೆದು ಕೊಟ್ಟೆ.

ಅಹಲ್ಯಾ ನನ್ನ ಕಡೆ ನೋಡಲಿಲ್ಲ. ಎದ್ದು ಹೊರಗೆ ಹೋಗಿ ಮಗಳ ಪಕ್ಕ ಕೂತಳು. ಚೀಲ ಮೂರು ಗಂಟೆಗೆ ಬಂತು.

೧೧ ಮೇ, ಭಾನುವಾರ

ವಿನಾಯಕನಿಗೆ ನಾನೇ ಹೇಳಿದೆ. ಅವನು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಊಟದ ಹೊತ್ತಿಗೆ ಬಂದ, ಊಟ ಮಾಡಲಿಲ್ಲ. ಮಧ್ಯಾಹ್ನ ನೋಡಿದರೆ ಅಹಲ್ಯಾಳ ಹರಿದ ಚಪ್ಪಲಿ ಹಿಡಿದು ಬಾಗಿಲ ಬಳಿ ಕೂತು ದಬ್ಬಳದಿಂದ ಹೊಲಿಯುತ್ತಿದ್ದ. ಅವನಿಗೆ ಹೊಲಿಯಲು ಬರುವುದಿಲ್ಲ. ಬೆರಳಿಗೆ ಚುಚ್ಚಿಕೊಂಡ.

ನಾನು ಬಟ್ಟೆ ಗಂಟು ಕಟ್ಟಿದೆ. ಗಂಟು ನೋಡಿ ಅಹಲ್ಯಾ ಬಂದು ನಿಂತಳು. ಅವಳು ಕೇಳಿದ್ದು ಕಾರ್ಖಾನೆಯವರಂತೆ. ಯಾವ ತಾರೀಖಿನಿಂದ, ದಿನಕ್ಕೆ ಎಷ್ಟು, ತಪ್ಪಿದ ದಿನ ಯಾವುವು, ಡಾಕ್ಟರಿಗೆ ಸರಿಯಾದ ಲೆಕ್ಕ ಬೇಕಂತೆ. ಎಲ್ಲ ಹೇಳಿದೆ. ಅವಳು ಬರೆದುಕೊಂಡಳು. ಬರೆದು ಮುಗಿದ ಮೇಲೂ ಅಲ್ಲೇ ನಿಂತಿದ್ದಳು.

“ಅತ್ತಿ, ನನ್ನ ಬಾಣಂತನದಾಗ ಒಂದ ಉಂಡಿನೂ ಕಟ್ಟಿ ಕಳಿಸಿದ್ದಿಲ್ಲ ನೀವು.”

ನಿಜ. ಮೊದಲ ಬಾಣಂತನ ತವರಿನಲ್ಲಿ ಎಂದು ವನಜಾ ಕರೆದುಕೊಂಡು ಹೋಗಿದ್ದಳು. ನನ್ನನ್ನು ಕೇಳಲಿಲ್ಲವೆಂದು ನನಗೆ ಸಿಟ್ಟು. ಬೀಜ ಹುರಿದು ಇಟ್ಟಿದ್ದೆ, ಕೊನೆಗೆ ಎಮ್ಮೆಗೆ ಹಾಕಿದೆ. ಎಮ್ಮೆಗೆ ಹಾಕಿದ್ದನ್ನು ಹೇಳಿದೆ. ಅವಳ ಬಾಯಿ ಒಂದು ಕಡೆ ಸ್ವಲ್ಪ ಸೊಟ್ಟಗಾಯಿತು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಗಂಟು ಬಿಚ್ಚಿ ಸೀರೆಗಳನ್ನು ಕಪಾಟಿಗೆ ಇಟ್ಟವಳು ಅವಳೇ.

೩೧ ಮೇ, ಶನಿವಾರ

ಎರಡು ಸಾವಿರದ ಐದು ನೂರು. ಇನ್ನೂ ಐದು ನೂರು ಇಳಿಯಬೇಕು. ಡಾಕ್ಟರು ಪಟ್ಟಿಯ ಜೊತೆ ಕಾಗದ ಬರೆದಿದ್ದರು, ಕಬ್ಬಿಣ ಏರಿದ ಕಾರಣ ಸಿಕ್ಕಿದೆ, ತಾಯಿ ಒಂದು ದಿನವೂ ಔಷಧಿ ತಪ್ಪಿಸಿಲ್ಲ ಎಂದು. ಹೆಸರು ತೆಗೆದಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಅಳೆಯುತ್ತಾರೆ. ಆಗ ಎರಡು ಸಾವಿರದೊಳಗೆ ಬಂದರೆ ಸೂಜಿ, ಬರದಿದ್ದರೆ ಇಲ್ಲ. ಫೈಲಿನ ಆ ಹಳೆಯ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದ್ದನ್ನು ಅಹಲ್ಯಾಳಿಗೆ ತಿರುಗಿಸಿ ತೋರಿಸಿದರು.

ನನ್ನ ರಿಪೋರ್ಟೂ ಬಂತು. ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ನನ್ನ ದುಂಡನ್ನು ನಾನೇ ಗಾನವಿಯ ಪೆನ್ಸಿಲ್ಲಿನಿಂದ ಅರ್ಧ ಕಪ್ಪು ಮಾಡಿದೆ. ವನಜಾಳಿಗೆ ಫೋನು ಮಾಡಿ ರಿಪೋರ್ಟು ಹೇಳಿದೆ. ಬೇರೆ ಏನೇನೋ ಹೇಳಬೇಕೆಂದಿತ್ತು, ಹೋಳಿಗೆಗೆ ಹೂರಣ ಹೇಗೆ ಅಷ್ಟು ನುಣ್ಣಗೆ ರುಬ್ಬುತ್ತೀ ಎಂದು ಕೇಳಿದೆ. ಅವಳು ಹೇಳಿದಳು, ನಾನು ಕೇಳಿದೆ. ಅರ್ಧ ಗಂಟೆಯಾಯಿತು.

ರಕ್ತ ಕೊಟ್ಟು ಬಂದವರಿಗೆ ಅಲ್ಲಿ ಒಣ ಬಿಸ್ಕೀಟು ಕೊಡುತ್ತಾರೆ. ಕೊಟ್ಟವರ ಮೈಯಿಂದ ಕಬ್ಬಿಣ ಹೋಗುತ್ತದಲ್ಲ, ಅವರಿಗೆ ಅಳವಿ ಉಂಡಿ ನಡೆಯುತ್ತದೆಯೇ ಎಂದು ಡಾಕ್ಟರಿಗೆ ಕೇಳಿದೆ. ಗುಳಿಗೆ ಹಾಕದಿದ್ದರೆ ಭಾಳ ಚಲೋ ಎಂದರು. ಮುಂದಿನ ಸಲಕ್ಕೆ ಬೀಜ ತರಿಸಬೇಕು, ಬೆಲ್ಲ ಮುಗಿದಿದೆ.

೨ ಜೂನ್, ಸೋಮವಾರ

ಅಹಲ್ಯಾ ರಜೆ ಮುರಿದು ಕೆಲಸಕ್ಕೆ ಹೊರಟಳು. ಬಸ್ಸು ಆರೂವರೆಗೇ ಆಗಿದೆಯಂತೆ. ಬಾಗಿಲ ಬಳಿ ನಿಂತು ಔಷಧಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಕೊಡುವಾಗ ಕೈ ಒಂದು ಗಳಿಗೆ ಡಬ್ಬಿಯನ್ನು ಬಿಡಲಿಲ್ಲ. ಆಮೇಲೆ ಬಿಟ್ಟಳು.

ಗಾಜಿನ ಲೋಟ, ನೀರು, ಗುಳಿಗೆ. ಪೂರ್ತಿ ಕರಗುವ ತನಕ ತಿರುವಿದೆ. ತಳ ಬೆಳಕಿಗೆ ಹಿಡಿದು ನೋಡಿದೆ. ಗಾನವಿ ಕುಡಿದು ನಾಲಿಗೆ ಚಾಚಿ ತೋರಿಸಿದಳು. ಅರ್ಧ ತಾಸು ಬಿಟ್ಟು ಇಡ್ಲಿ ಕೊಟ್ಟೆ, ಜೊತೆಗೆ ಚಹಾ. ಚಹಾ ಕುಡಿದು ಮುಗಿಸುವ ತನಕ ಎದುರಿಗೆ ಕೂತೆ.

ಆಮೇಲೆ ನೋಟುಬುಕ್ಕಿನ ಮುಂದಿನ ಹಾಳೆ ತೆಗೆದೆ. ನವೆಂಬರಿನ ಹಾಳೆಯಿಂದ ಶುರು ಮಾಡಿದೆ. ಒಂದೊಂದು ತಾರೀಖಿಗೂ, ನಾನು ಬರೆದ ಬಿಸ್ಕೀಟಿನ ಪಕ್ಕದಲ್ಲಿ, ಉಂಡಿ ಒಂದು, ಕೆಂಪು ಗುಳಿಗೆ ಒಂದು ಎಂದು ಸೇರಿಸಿದೆ. ಯುಗಾದಿಗೆ ಎರಡು. ಚೆಲ್ಲಿದ ಚಹಾ ಹೊಡೆದು ಹಾಕಿದೆ. ಏಪ್ರಿಲ್ ಇಪ್ಪತ್ತೆರಡಕ್ಕೆ ಬರುವಾಗ ಬಿಸಿಲು ಅಡುಗೆ ಮನೆಯವರೆಗೆ ಬಂದಿತ್ತು, ಬೆರಳು ಸೆಟೆದಿದ್ದವು. ಪ್ರತಿ ಸಾಲಿನ ಕೊನೆಯ ಮನೆಯಲ್ಲಿ ಅಹಲ್ಯಾಳ ಇರುವೆ ಸಾಲಿನ ಕೆಳಗೆ ದುಂಡಗೆ ಬರೆದೆ: ಶಂಕ್ರಮ್ಮ, ಶಂಕ್ರಮ್ಮ, ಶಂಕ್ರಮ್ಮ.

ಇವತ್ತಿನ ತಾರೀಖಿನ ಮುಂದೆ ಬರೆದದ್ದು: ಔಷಧಿ ಕೊಟ್ಟಾಯಿತು. ಇಡ್ಲಿ ಎರಡು, ಚಹಾ ಒಂದು ಲೋಟ. ಅಲ್ಲಿಯೂ ಸಹಿ ಹಾಕಿದೆ.